ಪ್ರೆಸ್‌ನವರಿಗಾಗಿ ಪುಟ್ಟ ಎಡಿಟರ್: ಕಟ್, ಕಾಪಿ, ಪೇಸ್ಟ್ ಹೇಗಿದ್ದರೆ ಚೆನ್ನ?

ಸಪ್ತಾಪುರ_ಕೋಡ್ (ಧಾರವಾಡ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ದಾಜಿಬಾನ್ ಪೇಟೆಯಲ್ಲಿ ನಮ್ಮ ಕಾಕಾನ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಜಾತ್ರೆಯ ಪೋಸ್ಟರ್, ಸಹಕಾರಿ ಸಂಘದ ವಾರ್ಷಿಕ ವರದಿ, ಇಂಥವು. ಅಲ್ಲಿ ಟೈಪ್ ಮಾಡುವವರಿಗಾಗಿ ಪೈಥಾನ್ ಭಾಷೆ ಮತ್ತು ಕ್ಯೂಟಿ (ವಿಂಡೋ, ಮೆನು ಕಟ್ಟುವ ಪರಿಕರ) ಹಿಡಿದು ಒಂದು ಸಣ್ಣ ಟೆಕ್ಸ್ಟ್ ಎಡಿಟರ್ ಬರೆಯುತ್ತಿದ್ದೇನೆ. ಮ್ಯಾಟರ್ ಇದರಲ್ಲಿ ಟೈಪ್ ಆಗಿ, ತಿದ್ದಿ, ಆಮೇಲೆ ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಹೋಗುತ್ತದೆ.

ಫೈಲ್ ತೆರೆಯುವುದು, ಉಳಿಸುವುದು, ಹುಡುಕುವುದು ಮುಗಿದಿದೆ. ಸಿಕ್ಕಿಹಾಕಿಕೊಂಡಿರುವುದು ತೀರಾ ಸಾದಾ ಕಮಾಂಡ್‌ಗಳಲ್ಲಿ. ಆಪರೇಟರ್‌ಗಳ ತಕರಾರು ಹೀಗಿವೆ. ಒಂದು ಸಾಲು ಕಟ್ ಮಾಡಿ ಇಟ್ಟುಕೊಂಡಿರುತ್ತಾರೆ, ಅಷ್ಟರಲ್ಲಿ ಗಿರಾಕಿಯ ಫೋನ್ ಬರುತ್ತದೆ, ಬೇರೇನೋ ಕಾಪಿ ಮಾಡುತ್ತಾರೆ. ಮೊದಲಿನದು ಹೋಯಿತು. ಕಂಟ್ರೋಲ್ ಝಡ್ ಒಮ್ಮೆ ಒತ್ತಿದರೆ ಒಂದು ಪದ ಹಿಂದೆ ಹೋಗುತ್ತದೆ ಅಂದುಕೊಂಡರೆ ಇಡೀ ಸಾಲೇ ಮಾಯ. ವಾಟ್ಸ್‌ಆಪ್‌ನಲ್ಲಿ ನಾಲ್ಕಾರು ಮೆಸೇಜ್ ಒಟ್ಟಿಗೆ ಕಾಪಿ ಮಾಡಿ ಅಂಟಿಸಿದರೆ ತಾರೀಖು, ಸಮಯ, ಕಳಿಸಿದವರ ಹೆಸರು ಎಲ್ಲವೂ ಬಂದು ಕೂರುತ್ತವೆ. ‘ಸ್ತ್ರೀ’ ಎಂದು ಟೈಪ್ ಮಾಡಿ ಬ್ಯಾಕ್‌ಸ್ಪೇಸ್ ಒತ್ತಿದರೆ ಎಷ್ಟು ಅಳಿಸಬೇಕು ಅನ್ನುವುದರ ಬಗ್ಗೆ ಅಲ್ಲಿ ಇಬ್ಬರಿಗೆ ದಿನಾ ಜಗಳ.

ನನ್ನ ತಲೆಯಲ್ಲಿರುವುದು ಇಷ್ಟು: ವಿಮ್ ಎಂಬ ಎಡಿಟರ್‌ನಲ್ಲಿರುವ ರಿಜಿಸ್ಟರ್‌ಗಳ ಹಾಗೆ ಹಲವು ಖಾನೆಗಳ ಕ್ಲಿಪ್‌ಬೋರ್ಡ್ (ಕಟ್, ಕಾಪಿ ಮಾಡಿದ್ದು ಅಂಟಿಸುವವರೆಗೆ ಇರುವ ಜಾಗ) ಕೊಡುವುದು. ಏನೂ ಆಯ್ಕೆ ಮಾಡದೆ ಕಂಟ್ರೋಲ್ ಸಿ ಒತ್ತಿದರೆ ಇಡೀ ಸಾಲು ಕಾಪಿ ಆಗುವ ಹಾಗೆ ಮಾಡುವುದು, ಕೋಡ್ ಬರೆಯುವ ಎಡಿಟರ್‌ಗಳಲ್ಲಿ ಇರುತ್ತದಲ್ಲ ಹಾಗೆ. ಅಂಟಿಸಿದಾಗ ಬೇಡದ ಅಕ್ಷರಗಳನ್ನೆಲ್ಲ ತಾನೇ ಕಿತ್ತು ಹಾಕುವುದು. ಯಾವುದರಿಂದ ಶುರು ಮಾಡಲಿ? ಈ ಕೆಲಸವನ್ನೇ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೆಟಗೇರಿ_ಡಿಟಿಪಿ (ಗದಗ):

ತಮ್ಮಾ, ಹೊಸ ಸವಲತ್ತು ಆಮೇಲೆ ನೋಡೋಣ. ಮೊದಲು ಒಂದು ನಿಯಮ ಹಾಕಿಕೋ. ಒಬ್ಬರು ಟೈಪ್ ಮಾಡಿದ ಅಕ್ಷರ ಯಾವ ಕಮಾಂಡ್‌ನಿಂದಲೂ ವಾಪಸ್ ಬಾರದ ಹಾಗೆ ಹೋಗಬಾರದು. ನಿನ್ನ ಪಟ್ಟಿಯಲ್ಲಿರುವ ಅರ್ಧ ತಕರಾರು ಇದೊಂದರಲ್ಲೇ ತೀರುತ್ತವೆ.

ನಾನು ಗದಗದಲ್ಲಿ ಡಿಟಿಪಿ ಮಾಡುವವಳು. ಈ ಊರಲ್ಲಿ ಪ್ರೆಸ್‌ಗಳಿಗೆ ಬರ ಇಲ್ಲ, ನಿಮ್ಮ ಕಾಕಾನಿಗೆ ಗೊತ್ತಿರುತ್ತದೆ. ಲಗ್ನಪತ್ರಿಕೆಯಲ್ಲಿ ಟೈಪ್ ಮಾಡುವುದು ಕಡಿಮೆ, ಆಚೆ ಈಚೆ ಸರಿಸುವುದೇ ಜಾಸ್ತಿ. ‘ಸುಖಾಗಮನ ಬಯಸುವವರು’ ಕೆಳಗಿನ ಹೆಸರುಗಳನ್ನು ತಗೋ. ಪ್ರೂಫ್ ನೋಡಿದ ಮೇಲೆ ದೊಡ್ಡಪ್ಪನ ಹೆಸರು ಮೇಲೆ ಹೋಗಬೇಕು. ಸಂಜೆ ಫೋನ್ ಮಾಡಿ ಸೋದರಮಾವ ಬಿಟ್ಟು ಹೋಗಿದ್ದಾರೆ ಅನ್ನುತ್ತಾರೆ. ಮರುದಿನ ದೊಡ್ಡಪ್ಪ ಮತ್ತೆ ಕೆಳಗೆ. ಇದನ್ನೆಲ್ಲ ಕಟ್ ಮಾಡಿ ಪೇಸ್ಟ್ ಮಾಡಬೇಕಾದರೆ ಎಲ್ಲೋ ಒಂದು ಕಡೆ ಒಬ್ಬರ ಹೆಸರು ಬಿದ್ದುಹೋಗುತ್ತದೆ. ಬಿದ್ದುಹೋದ ಹೆಸರಿನವರು ಮದುವೆಗೇ ಬರುವುದಿಲ್ಲ. ಅದಕ್ಕೆ, ಆಲ್ಟ್ ಒತ್ತಿ ಮೇಲಿನ ಬಾಣ ಒತ್ತಿದರೆ ಸಾಲು ಮೇಲೆ, ಕೆಳಗಿನ ಬಾಣಕ್ಕೆ ಕೆಳಗೆ. ಕ್ಲಿಪ್‌ಬೋರ್ಡನ್ನು ಮುಟ್ಟಲೇಬಾರದು. ಕೋಡ್ ಎಡಿಟರ್‌ನಿಂದ ನಮಗೆ ಏನಾದರೂ ತರುವುದಿದ್ದರೆ ಮೊದಲು ಇದನ್ನು ತಾ.

ಏನೂ ಆಯ್ಕೆ ಮಾಡದೆ ಸಿ ಒತ್ತಿದರೆ ಇಡೀ ಸಾಲು ಕಾಪಿ ಆಗುವುದು ನಮಗೆ ಬೇಡವೇ ಬೇಡ. ಕೀಬೋರ್ಡ್ ನೋಡು. ಸಿ ಪಕ್ಕದಲ್ಲೇ ವಿ ಇದೆ. ಅಂಟಿಸಲು ಹೋದ ಬೆರಳು ಜಾರಿ ಸಿ ಮೇಲೆ ಬೀಳುತ್ತದೆ. ಆಯ್ಕೆ ಇಲ್ಲದಿದ್ದರೆ ಏನೂ ಆಗದು ಅಂತ ಇದ್ದರೆ ಸುಮ್ನೆ ಮತ್ತೆ ವಿ ಒತ್ತಿದರಾಯಿತು. ನೀನು ಹೇಳುವ ಹಾಗೆ ಮಾಡಿದರೆ ಅಷ್ಟೊತ್ತು ಹಿಡಿದುಕೊಂಡಿದ್ದ ಮ್ಯಾಟರ್ ಮೇಲೆ ಯಾವುದೋ ಸಾಲು ಬಂದು ಕೂರುತ್ತದೆ. ಕೋಡ್ ಬರೆಯುವವರಿಗೆ ಇದು ಇಷ್ಟ ಇರಬಹುದು. ವಿಎಸ್ ಕೋಡ್ ಎಂಬ ಅವರ ಎಡಿಟರ್‌ನಲ್ಲಿ ಕೂಡ ಇದನ್ನು ಆರಿಸಲು ಒಂದು ಸೆಟ್ಟಿಂಗ್ ಇಟ್ಟಿದ್ದಾರೆ, ಅಂದರೆ ಅಲ್ಲೂ ಬೇಡ ಅನ್ನುವವರಿದ್ದಾರೆ ಅಂತಾಯಿತು.

ಇನ್ನು ಆಯ್ಕೆ ಮಾಡಿದ ಮ್ಯಾಟರ್ ಮೇಲೆ ಪೇಸ್ಟ್ ಮಾಡುವುದು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಜಾಸ್ತಿ ಕಳೆದುಹೋಗುವುದು ಇಲ್ಲೇ. ಹಳೆಯ ಹೆಸರು ಆಯ್ಕೆ ಮಾಡಿ ಹೊಸದನ್ನು ಅಂಟಿಸಿದೆ. ಹಳೆಯದು ಎಲ್ಲಿ ಹೋಯಿತು? ಕ್ಲಿಪ್‌ಬೋರ್ಡ್‌ನಲ್ಲಿ ಇಲ್ಲ. ಅನ್‌ಡೂ (ಕಂಟ್ರೋಲ್ ಝಡ್) ಮಾಡಿದರೆ ಬರುತ್ತದೆ, ಆದರೆ ಆಮೇಲೆ ಮಾಡಿದ ಕೆಲಸವೂ ಅದರ ಜೊತೆ ಹಿಂದೆ ಹೋಗುತ್ತದೆ. ನಿನ್ನ ಎಡಿಟರ್ ಇಂಥ ತುಣುಕನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳಲಿ. ಕಟ್ ಆದದ್ದು, ಕಾಪಿ ಆದದ್ದು, ಪೇಸ್ಟ್‌ನ ಕೆಳಗೆ ಸಿಕ್ಕಿ ಅಳಿದದ್ದು, ಇಡೀ ಸಾಲು ಆಯ್ಕೆ ಮಾಡಿ ಡಿಲೀಟ್ ಒತ್ತಿದ್ದು, ಎಲ್ಲ ಅದರಲ್ಲಿ ಇರಲಿ. ಬ್ಯಾಕ್‌ಸ್ಪೇಸ್‌ನಿಂದ ಒಂದೊಂದೇ ಅಳಿಸಿದ್ದು ಬೇಡ, ಪಟ್ಟಿ ಕಸ ಆಗುತ್ತದೆ. ಕಂಟ್ರೋಲ್ ವಿ ಈಗಿನ ಹಾಗೇ ಇರಲಿ. ಕಂಟ್ರೋಲ್ ಶಿಫ್ಟ್ ವಿ ಒತ್ತಿದರೆ ಪಟ್ಟಿ ಕಾಣಲಿ, ಒಂದೊಂದರ ಮೊದಲ ಸಾಲು ಕಂಡರೆ ಸಾಕು. ರಿಜಿಸ್ಟರ್‌ಗೆ ಹೆಸರಿಟ್ಟು ನೆನಪಿಟ್ಟುಕೊಳ್ಳುವ ಪುರುಸೊತ್ತು ಪ್ರೆಸ್‌ನಲ್ಲಿ ಯಾರಿಗೂ ಇಲ್ಲ.

ಅನ್‌ಡೂ ವಿಷಯ. ಪೇಜ್‌ಮೇಕರ್‌ನಲ್ಲಿ ಅನ್‌ಡೂ ಒಂದೇ ಹೆಜ್ಜೆ. ಹಳೆಯ ನೋಟ್‌ಪ್ಯಾಡ್‌ನಲ್ಲೂ ಅಷ್ಟೇ, ಎರಡನೇ ಸಲ ಝಡ್ ಒತ್ತಿದರೆ ಅಳಿಸಿದ್ದು ಮತ್ತೆ ವಾಪಸ್ ಬರುತ್ತಿತ್ತು. ನಮ್ಮಂಥ ಹಳಬರು ಅದರಲ್ಲೇ ಪಳಗಿದವರು. ಝಡ್ ಒಮ್ಮೆ ಒತ್ತಿ ನಿಲ್ಲಿಸಿ ನೋಡುತ್ತೇವೆ. ಆ ಒಂದು ಸಲಕ್ಕೇ ಇಡೀ ಸಾಲು ಹೋದರೆ ಎದೆ ಧಸಕ್ ಅನ್ನುತ್ತದೆ. ಸ್ಪೇಸ್ ಬಾರ್ ಒತ್ತಿದಾಗ, ಎಂಟರ್ ಒತ್ತಿದಾಗ, ಸ್ವಲ್ಪ ಹೊತ್ತು ಕೈ ನಿಂತಾಗ ಹೊಸ ಹೆಜ್ಜೆ ಶುರುವಾಗಲಿ. ಪೇಸ್ಟ್ ತಾನೇ ಒಂದು ಹೆಜ್ಜೆ. ‘ಎಲ್ಲವನ್ನೂ ಬದಲಿಸು’ ಎಷ್ಟು ಕಡೆ ಬದಲಿಸಿದರೂ ಒಂದೇ ಹೆಜ್ಜೆ.

ಅಂಟಿಸುವಾಗ ತಾನೇ ಸ್ವಚ್ಛ ಮಾಡುತ್ತೇನೆ ಅಂದಿದ್ದೀಯ. ನಿಧಾನ. ಸಾದಾ ಪೇಸ್ಟ್ ಬಂದದ್ದನ್ನು ಬಂದ ಹಾಗೇ ಅಂಟಿಸಲಿ. ‘ಸ್ವಚ್ಛ ಮಾಡಿ ಅಂಟಿಸು’ ಅಂತ ಬೇರೆ ಕಮಾಂಡ್ ಕೊಡು. ಅದರಲ್ಲಿ ಸಾಲಿನ ಮೊದಲಿಗೆ ಚೌಕ ಕಂಸದಲ್ಲಿ ಬರುವ ತಾರೀಖು, ಸಮಯ, ಅದರ ಮುಂದಿನ ಹೆಸರು ತೆಗೆ. ಅಕ್ಷರ ದಪ್ಪ ಮಾಡಲು ಜನ ಹಾಕಿದ ನಕ್ಷತ್ರ ತೆಗೆ. ಆದರೆ ಕಣ್ಣಿಗೆ ಕಾಣದ ಅಕ್ಷರ ಅಂತ ಎಲ್ಲವನ್ನೂ ಕಿತ್ತರೆ ಕನ್ನಡ ಕೆಡುತ್ತದೆ. ‘ರಾಜ್‌ಕುಮಾರ್’ ನಡುವೆ ಒಂದು ಕಾಣದ ಅಕ್ಷರ ಇದೆ, ತೆಗೆದರೆ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ನಲ್ಲಿ ಇನ್ನೊಂದು ಥರದ್ದು ಇದೆ, ತೆಗೆದರೆ ‘ರ್ಯಾಂಕ್’. ಈ ಎರಡನ್ನು ಬಿಟ್ಟು ಉಳಿದ ಕಾಣದ ಕಸ ತೆಗೆ.

ಇನ್ನೊಂದು. ಪದ ಅಂಟಿಸಿದಾಗ ಅಕ್ಕಪಕ್ಕ ತಾನೇ ಸ್ಪೇಸ್ ಸೇರಿಸುವ ಜಾಣತನ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದೆ. ಇಂಗ್ಲಿಷ್‌ಗೆ ಸರಿ. ನಮ್ಮಲ್ಲಿ ‘ಗೆ’, ‘ಯಲ್ಲಿ’, ‘ಇಂದ’ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಯಲ್ಲಿ’ ಹಿಂದೆ ‘ಹುಬ್ಬಳ್ಳಿ’ ಅಂಟಿಸಿದರೆ ನಡುವೆ ಸಂದು ಬಿಟ್ಟು ಕೊಡುತ್ತದೆ. ಆ ಜಾಣತನ ಬೇಡ.

ಹಾವೇರಿ_ಟರ್ಮಿನಲ್ (ಹಾವೇರಿ):

ನಾನು ದಿನಾ ವಿಮ್ ಬಳಸುವವನು. ಅಕ್ಕ ಹೇಳಿದ್ದು ಸರಿ, ರಿಜಿಸ್ಟರ್‌ಗಳನ್ನು ಆಪರೇಟರ್‌ಗಳ ತಲೆಗೆ ಕಟ್ಟಬೇಡಿ. ವಿಮ್‌ನಲ್ಲಿ ಏನೇ ಅಳಿಸಿದರೂ ಅದು ಮಾಮೂಲಿ ರಿಜಿಸ್ಟರ್‌ಗೆ ಹೋಗಿ ಕೂರುತ್ತದೆ. ಹೊಸಬರು ಒಂದು ಸಾಲು ಕಾಪಿ ಮಾಡಿ, ಹಳೆಯ ಸಾಲು ಅಳಿಸಿ, ಪೇಸ್ಟ್ ಮಾಡಿದರೆ ಈಗ ತಾನೇ ಅಳಿಸಿದ್ದೇ ವಾಪಸ್ ಬರುತ್ತದೆ. ಕಾಪಿ ಮಾಡಿದ್ದು ಸೊನ್ನೆ ನಂಬರಿನ ರಿಜಿಸ್ಟರ್‌ನಲ್ಲಿ ಕ್ಷೇಮವಾಗಿ ಇರುತ್ತದೆ, ಆದರೆ ಅದನ್ನು ತಿಳಿಯಲು ಜನರಿಗೆ ವರ್ಷ ಬೇಕು.

ಕದಿಯುವುದಿದ್ದರೆ ಈಮ್ಯಾಕ್ಸ್ ಎಂಬ ಎಡಿಟರ್‌ನಿಂದ ಕದಿಯಿರಿ. ಅಕ್ಕ ಹೇಳುವ ಪಟ್ಟಿ ಅಲ್ಲಿ ಕಿಲ್ ರಿಂಗ್ ಎಂಬ ಹೆಸರಲ್ಲಿ ಎಷ್ಟೋ ಕಾಲದಿಂದ ಇದೆ. ಮೊದಲು 60 ತುಣುಕು ಹಿಡಿಯುತ್ತಿತ್ತು, 29ನೇ ಆವೃತ್ತಿಯಿಂದ 120. ಪೇಸ್ಟ್ ಮಾಡಿದ ಕೂಡಲೇ ಆಲ್ಟ್ ವೈ ಒತ್ತಿದರೆ ಅಂಟಿಸಿದ್ದು ಹೋಗಿ ಅದಕ್ಕಿಂತ ಹಿಂದಿನದು ಆ ಜಾಗಕ್ಕೆ ಬರುತ್ತದೆ. ಮತ್ತೆ ಒತ್ತಿದರೆ ಅದಕ್ಕೂ ಹಿಂದಿನದು. ಮೆನುಗಿಂತ ಇದು ಬೇಗ.

ವಿಮ್‌ನಂತೆ ಮೋಡ್ ಇರುವ (ಟೈಪ್ ಮಾಡಲು ಒಂದು ಸ್ಥಿತಿ, ಕಮಾಂಡ್‌ಗೆ ಇನ್ನೊಂದು) ಎಡಿಟರ್ ಸಾಮಾನ್ಯರಿಗೆ ಬೇಡ ಅನ್ನುವುದು ಹಳೆಯ ವಾದ. 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬ್ರಾವೊ ಎಂಬ ಎಡಿಟರ್ ಇತ್ತು. ಅದರಲ್ಲಿ ಕಮಾಂಡ್ ಮೋಡ್‌ನಲ್ಲಿದ್ದೇನೆ ಎಂಬುದು ಮರೆತು ಇಂಗ್ಲಿಷಿನಲ್ಲಿ ‘ಎಡಿಟ್’ ಎಂದು ಟೈಪ್ ಮಾಡಿದರೆ ಆಗುವ ಅನಾಹುತದ ಕಥೆ ಪ್ರಸಿದ್ಧ. ಇ ಒತ್ತಿದಾಗ ಎಲ್ಲವೂ ಆಯ್ಕೆ, ಡಿ ಒತ್ತಿದಾಗ ಅಳಿಸು, ಐ ಒತ್ತಿದಾಗ ಸೇರಿಸು. ಕೊನೆಗೆ ಇಡೀ ಫೈಲ್‌ನಲ್ಲಿ ಉಳಿಯುವುದು ಒಂದು ಟಿ. ಅಲ್ಲೇ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಇಂಥ ಮೋಡ್ ಇಲ್ಲದ ಜಿಪ್ಸಿ ಎಂಬ ಎಡಿಟರ್ ಮಾಡಿದರು. ಇವತ್ತಿನ ಕಟ್, ಕಾಪಿ, ಪೇಸ್ಟ್ ರೂಢಿಗೆ ಬಂದದ್ದು ಆ ದಾರಿಯಿಂದ. ಕನ್ನಡದವರಿಗೆ ಇನ್ನೊಂದು ತಾಪತ್ರಯ: ಕನ್ನಡ ಕೀಲಿಮಣೆ ಆನ್ ಇದ್ದರೆ ವಿಮ್‌ನ ಕಮಾಂಡ್ ಕೀಗಳು ಕನ್ನಡ ಅಕ್ಷರ ಆಗಿಬಿಡುತ್ತವೆ.

ಬರೆಯುತ್ತಿರುವುದು ಉಬುಂಟುನಲ್ಲಾದರೆ ಒಂದು ಗಮನಿಸಿ. ಲಿನಕ್ಸ್‌ನ ಎಕ್ಸ್11 ಎಂಬ ವಿಂಡೋ ವ್ಯವಸ್ಥೆಯಲ್ಲಿ ಕಾಪಿ ಮಾಡಿದ ಮ್ಯಾಟರ್ ಆ ಪ್ರೋಗ್ರಾಂ ಹತ್ತಿರವೇ ಇರುತ್ತದೆ. ಪೇಸ್ಟ್ ಕೇಳಿದಾಗ ಮಾತ್ರ ಕೊಡುತ್ತದೆ. ಎಡಿಟರ್ ಮುಚ್ಚಿದರೆ, ಕ್ಲಿಪ್‌ಬೋರ್ಡ್ ಮ್ಯಾನೇಜರ್ ಇಲ್ಲದಿದ್ದರೆ, ಅದೂ ಹೋಯಿತು. ನಿಮ್ಮ ಕೋಡ್‌ನ ದೋಷ ಎಂದು ಹುಡುಕುತ್ತಾ ಕೂರಬೇಡಿ.

ಸಪ್ತಾಪುರ_ಕೋಡ್ (ಧಾರವಾಡ):

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಾಲು ಸರಿಸುವ ಕಮಾಂಡ್ ನಿನ್ನೆ ರಾತ್ರಿಯೇ ಸೇರಿಸಿದೆ, ಕಾಕಾನ ಪ್ರೆಸ್‌ನಲ್ಲಿ ಖುಷಿಯಾಗಿದ್ದಾರೆ. ಆದರೆ ಒಂದು ಅನುಮಾನ. ವಿಂಡೋಸ್‌ನಲ್ಲೇ ಕ್ಲಿಪ್‌ಬೋರ್ಡ್ ಹಿಸ್ಟರಿ ಇದೆಯಲ್ಲ, ವಿಂಡೋಸ್ ಕೀ ಮತ್ತು ವಿ ಒತ್ತಿದರೆ ಬರುತ್ತದೆ. ನಾನು ಮತ್ತೆ ಯಾಕೆ ಬರೆಯಬೇಕು? ಮತ್ತೆ ಅಕ್ಕ, ‘ಸ್ತ್ರೀ’ ಜಗಳದ ತೀರ್ಪು ಕೊಡಲಿಲ್ಲ ನೀವು.

ಬೆಟಗೇರಿ_ಡಿಟಿಪಿ (ಗದಗ):

ಆ ಕ್ಲಿಪ್‌ಬೋರ್ಡ್ ಹಿಸ್ಟರಿ 2018ರಲ್ಲಿ ವಿಂಡೋಸ್ 10ಕ್ಕೆ ಬಂತು. ಒಳ್ಳೆಯದೇ. 25 ತುಣುಕು ಹಿಡಿಯುತ್ತದೆ, ಪಿನ್ ಮಾಡಿದ್ದು ಬಿಟ್ಟು ಉಳಿದದ್ದು ಕಂಪ್ಯೂಟರ್ ರಿಸ್ಟಾರ್ಟ್ ಆದರೆ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ನಾವೇ ಆನ್ ಮಾಡಬೇಕು. ಆದರೆ ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ವಿಂಡೋಸ್ 7 ಓಡುತ್ತಿದೆ, ಪೇಜ್‌ಮೇಕರ್ ನಡೆಯುವವರೆಗೆ ಬದಲಿಸುವುದಿಲ್ಲ ಅಂತ ಮಾಲೀಕರ ಹಠ. ಎರಡನೆಯದು, ನಮ್ಮ ಪೇಸ್ಟ್‌ನ ಕೆಳಗೆ ಸಿಕ್ಕಿ ಅಳಿದ ಹೆಸರು ವಿಂಡೋಸ್ ಪಟ್ಟಿಯಲ್ಲಿ ಸಿಗುವುದಿಲ್ಲ. ಅದನ್ನು ಯಾರೂ ಕಾಪಿ ಮಾಡಿಯೇ ಇಲ್ಲವಲ್ಲ. ಅದು ನಿನ್ನ ಎಡಿಟರ್‌ಗೆ ಮಾತ್ರ ಗೊತ್ತು. ಮೂರನೆಯದು, ಪ್ರೆಸ್‌ನ ಕಂಪ್ಯೂಟರ್ ನಾಲ್ಕು ಜನರದ್ದು. ಬ್ರೌಸರ್‌ನಲ್ಲಿ ಯಾರೋ ಪಾಸ್‌ವರ್ಡ್ ಕಾಪಿ ಮಾಡಿರುತ್ತಾರೆ. ನಿನ್ನ ಪಟ್ಟಿ ಎಡಿಟರ್ ಒಳಗೆ ಆದದ್ದನ್ನು ಮಾತ್ರ ಹಿಡಿಯಲಿ, ಡಿಸ್ಕ್‌ಗೆ ಬರೆಯುವುದೂ ಬೇಡ.

ಈಗ ‘ಸ್ತ್ರೀ’. ಒಳಗೆ ಆರು ಭಾಗ ಇವೆ: ಸ, ಒತ್ತು ಮಾಡುವ ಹಲಂತ, ತ, ಮತ್ತೆ ಹಲಂತ, ರ, ಕೊನೆಗೆ ದೀರ್ಘದ ಗುಣಿತ. ಬ್ಯಾಕ್‌ಸ್ಪೇಸ್ ಒಂದು ಭಾಗ ಮಾತ್ರ ತೆಗೆಯಲಿ. ‘ಸ್ತ್ರಿ’ ಬೇಕಿದ್ದ ಕಡೆ ‘ಸ್ತ್ರೀ’ ಬಂದರೆ ಗುಣಿತ ಅಷ್ಟೇ ತಿದ್ದಬೇಕು, ಇಡೀ ಅಕ್ಷರ ಮತ್ತೆ ಒತ್ತುವುದು ಯಾವ ಶಿಕ್ಷೆ? ಡಿಲೀಟ್ ಕೀ ಮಾತ್ರ ಮುಂದಿನ ಅಕ್ಷರ ಪೂರ್ತಿ ತೆಗೆಯಲಿ. ಮುಂದಿನಿಂದ ಸ ಒಂದನ್ನೇ ತೆಗೆದರೆ ಉಳಿಯುವ ಹಲಂತ ಹಿಂದಿನ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ನೋಡಲಾಗುವುದಿಲ್ಲ. ಆಯ್ಕೆಯೂ ಪೂರ್ತಿ ಅಕ್ಷರಕ್ಕೇ ನಿಲ್ಲಬೇಕು. ಅರ್ಧ ಅಕ್ಷರ ಕಟ್ ಆಗಿ ಬೇರೆ ಕಡೆ ಅಂಟಿದರೆ ಗುಣಿತದ ಪಕ್ಕ ಚುಕ್ಕಿ ಚುಕ್ಕಿಯ ವೃತ್ತ ಬರುತ್ತದಲ್ಲ, ಅದನ್ನು ಪ್ರೂಫ್‌ನಲ್ಲಿ ಗಿರಾಕಿಯೇ ಮೊದಲು ನೋಡುತ್ತಾನೆ. ಜಗಳದಲ್ಲಿ ಗೆದ್ದವರು ಯಾರು ಅಂತ ಆಮೇಲೆ ಹೇಳು.

ನೀನು ಕೇಳದೇ ಇರುವ ಒಂದು ವಿಷಯ ಹೇಳುತ್ತೇನೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಅದು 2001ರದ್ದು. ಅದಕ್ಕೆ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಪದ್ಧತಿ) ಕನ್ನಡ ಗೊತ್ತಿಲ್ಲ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲೇ ಕೆಲಸ. ವಾಟ್ಸ್‌ಆಪ್‌ನಿಂದ ಬರುವುದು ಯೂನಿಕೋಡ್. ಹೀಗಾಗಿ ದಿನಾ ಮ್ಯಾಟರ್ ಎತ್ತಿ ಕನ್ವರ್ಟರ್‌ಗೆ ಹಾಕಿ, ಅಲ್ಲಿಂದ ಎತ್ತಿ ಪೇಜ್‌ಮೇಕರ್‌ಗೆ ಹಾಕಿ. ಎರಡೆರಡು ಸಲ ಕಾಪಿ. ‘ಆಸ್ಕಿ ಮಾಡಿ ಕಾಪಿ’ ಅಂತ ಒಂದು ಕಮಾಂಡ್, ‘ಆಸ್ಕಿಯಿಂದ ಅಂಟಿಸು’ ಅಂತ ಇನ್ನೊಂದು ಕೊಡು. ಎಚ್ಚರ ಏನೆಂದರೆ, ಆಸ್ಕಿ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳು ಕೂತಿರುತ್ತವೆ. ಮ್ಯಾಟರ್ ನಡುವೆ ಇಮೇಲ್ ವಿಳಾಸ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಏನೇನೋ ಮಾಡಿಡುತ್ತದೆ. ಅದಕ್ಕೆ ಆಯ್ಕೆ ಮಾಡಿದಷ್ಟನ್ನೇ ಬದಲಿಸುವ ಅವಕಾಶ ಇರಲಿ.

ಮೆನುವಿನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಕಮಾಂಡ್‌ಗಳಿದ್ದರೆ ತೆಗೆದು ಆ ಜಾಗಕ್ಕೆ ಅಂಕಿ ಬದಲಿಸುವುದು ಹಾಕು. 12 ಇದ್ದದ್ದು ೧೨ ಆಗಲಿ, ಮತ್ತೆ ಒತ್ತಿದರೆ 12. ಮುಹೂರ್ತದ ಸಮಯಕ್ಕೆ ಕನ್ನಡ ಅಂಕಿ ಬೇಕು ಅನ್ನುತ್ತಾರೆ, ಫೋನ್ ನಂಬರ್‌ಗೆ ಬೇಡ ಅನ್ನುತ್ತಾರೆ. ಮತ್ತೆ ‘ಎಲ್ಲವನ್ನೂ ಬದಲಿಸು’ ಒತ್ತುವ ಮೊದಲು ಸಿಕ್ಕ ಸಾಲುಗಳನ್ನು ತೋರಿಸು. ‘ಗದಗ’ ತೆಗೆದು ‘ಹುಬ್ಬಳ್ಳಿ’ ಹಾಕಿದರೆ ‘ಗದಗದಲ್ಲಿ’ ಹೋಗಿ ‘ಹುಬ್ಬಳ್ಳಿದಲ್ಲಿ’ ಆಗುತ್ತದೆ. ಧಾರವಾಡ ಹಾಕಿದ್ದರೆ ಬಚಾವ್.

ಉಣಕಲ್_ಕ್ಯೂಟಿ (ಹುಬ್ಬಳ್ಳಿ):

ಕೋಡ್ ಕಡೆಯಿಂದ ಒಂದೆರಡು ಮಾತು. ಕ್ಯೂಟಿಯಲ್ಲಿ ಪೇಸ್ಟ್ ಬದಲಿಸಲು ‘ಇನ್ಸರ್ಟ್ ಫ್ರಮ್ ಮೈಮ್ ಡೇಟಾ’, ಕಾಪಿ ಬದಲಿಸಲು ‘ಕ್ರಿಯೇಟ್ ಮೈಮ್ ಡೇಟಾ ಫ್ರಮ್ ಸೆಲೆಕ್ಷನ್’, ಈ ಎರಡು ಫಂಕ್ಷನ್‌ಗಳನ್ನು ನಿಮ್ಮ ಕ್ಲಾಸ್‌ನಲ್ಲಿ ಮತ್ತೆ ಬರೆಯಿರಿ. ಕೀಗಳನ್ನು ಹಿಡಿದು ಬರೆಯಲು ಹೋಗಬೇಡಿ. ಹಾಗೆ ಮಾಡಿದರೆ ಮೌಸ್‌ನ ಬಲ ಕ್ಲಿಕ್ ಮೆನುವಿನಿಂದ ಪೇಸ್ಟ್ ಮಾಡುವವರು, ಹಳೆಯ ಶಿಫ್ಟ್ ಇನ್ಸರ್ಟ್ ಅಭ್ಯಾಸದವರು ತಪ್ಪಿಸಿಕೊಳ್ಳುತ್ತಾರೆ.

ಪಟ್ಟಿಗೆ ತುಣುಕು ಸೇರಿಸುವಾಗ ಕರ್ಸರ್‌ನ ‘ಸೆಲೆಕ್ಟೆಡ್ ಟೆಕ್ಸ್ಟ್’ ಬಳಸುತ್ತೀರಿ ಅಲ್ವಾ? ಅದು ಹೊಸ ಸಾಲಿನ ಗುರುತಿನ ಬದಲು ಯೂನಿಕೋಡ್‌ನ ಪ್ಯಾರಾಗ್ರಾಫ್ ವಿಭಜಕ ಕೊಡುತ್ತದೆ. ಬದಲಿಸದೆ ಹೊರಗೆ ಕಳಿಸಿದರೆ ಬೇರೆ ಪ್ರೋಗ್ರಾಂನಲ್ಲಿ ಸಾಲುಗಳೆಲ್ಲ ಒಂದೇ ಆಗಿ ಕಾಣಬಹುದು. ‘ಎಲ್ಲವನ್ನೂ ಬದಲಿಸು’ ಒಂದೇ ಅನ್‌ಡೂ ಆಗಲು ‘ಬಿಗಿನ್ ಎಡಿಟ್ ಬ್ಲಾಕ್’, ‘ಎಂಡ್ ಎಡಿಟ್ ಬ್ಲಾಕ್’ ನಡುವೆ ಹಾಕಿ.

ಹುಡುಕುವುದು ಮುಗಿದಿದೆ ಅಂದಿರಿ, ಇನ್ನೊಮ್ಮೆ ನೋಡಿ. ‘ಕೊ’ದಲ್ಲಿರುವ ಗುಣಿತ ಯೂನಿಕೋಡ್‌ನಲ್ಲಿ ಒಂದೇ ಅಕ್ಷರವಾಗಿಯೂ ಬರಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿ ಎರಡಾಗಿಯೂ ಬರಬಹುದು. ಕಣ್ಣಿಗೆ ಒಂದೇ. ಹುಡುಕಿದರೆ ಸಿಗುವುದಿಲ್ಲ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಎನ್‌ಎಫ್‌ಸಿ ನಾರ್ಮಲೈಸ್ ಇದೆ, ಇಂಥ ಜೋಡಿಯನ್ನು ಒಂದೇ ರೂಪಕ್ಕೆ ತರುತ್ತದೆ. ಅಂಟಿಸುವಾಗಲೇ ಮಾಡಿಬಿಡಿ. ರಾಜ್‌ಕುಮಾರ್‌ನ ಕಾಣದ ಅಕ್ಷರವನ್ನು ಅದು ಮುಟ್ಟುವುದಿಲ್ಲ.

ಬೆಟಗೇರಿ_ಡಿಟಿಪಿ (ಗದಗ):

ಸಾದಾ ಪೇಸ್ಟ್‌ನಲ್ಲಿ ಏನೂ ಬದಲಾಗಬಾರದು ಅಂದಿದ್ದೆ. ಆದರೆ ಇದರಿಂದ ಕಾಣುವುದರಲ್ಲಿ ವ್ಯತ್ಯಾಸ ಬರದಿದ್ದರೆ ನನ್ನ ತಕರಾರಿಲ್ಲ.

ಸಪ್ತಾಪುರ_ಕೋಡ್ (ಧಾರವಾಡ):

ಪ್ಯಾರಾಗ್ರಾಫ್ ವಿಭಜಕದ ಗುಟ್ಟು ಈಗ ತಿಳಿಯಿತು, ಪೇಜ್‌ಮೇಕರ್‌ನಲ್ಲಿ ಸಾಲುಗಳು ಕೂಡಿಕೊಳ್ಳುತ್ತಿದ್ದವು! ಪಟ್ಟಿಯಲ್ಲಿ ಎಷ್ಟು ತುಣುಕು ಇಡಲಿ ಅಕ್ಕ? ಈಮ್ಯಾಕ್ಸ್ ಹಾಗೆ 120?

ಬೆಟಗೇರಿ_ಡಿಟಿಪಿ (ಗದಗ):

ಹಿಡಿಯುವುದು ಎಷ್ಟಾದರೂ ಹಿಡಿಯಲಿ, ತೋರಿಸುವುದು ಹತ್ತು ಸಾಕು. ಹೊಸದು ಮೇಲೆ. ಒಂದರಿಂದ ಒಂಬತ್ತು, ಆಮೇಲೆ ಸೊನ್ನೆ, ಹೀಗೆ ನಂಬರ್ ಒತ್ತಿದರೆ ಅಂಟಬೇಕು. ಒಂದೇ ಹೆಸರು ಎರಡು ಸಲ ಕಾಪಿ ಮಾಡಿದರೆ ಎರಡು ಸಲ ತೋರಿಸಬೇಡ. ಆಸ್ಕಿ ಕಮಾಂಡ್ ಸೇರಿಸಿದ ಮೇಲೆ ತಿಳಿಸು. ಅರ್ಕಾವತ್ತು ಜಾಸ್ತಿ ಇರುವ ಒಂದು ಹಳೆಯ ಸಂಘದ ವರದಿ ನನ್ನ ಹತ್ತಿರ ಇದೆ, ಹೆಸರು ನಂಬರ್ ತೆಗೆದು ಕಳಿಸುತ್ತೇನೆ. ಕನ್ವರ್ಟರ್‌ಗಳು ಎಡವುವುದು ಅಲ್ಲೇ.